ಬಿಕರಿಂಗ್: ನಳದ ಮುಂದೆ ಕಲಿಯುವ ಇಂಗ್ಲಿಷ್

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ತಮ್ಮ ತಂಗಿಯರೇ, ಇಂಗ್ಲಿಷ್ ಪತ್ರಿಕೆಯ ರಾಜಕೀಯ ಸುದ್ದಿಯಲ್ಲಿ ‘ಬಿಕರಿಂಗ್’ ಆಗಾಗ ಎದುರಾಗುತ್ತದೆ. ‘ಜಗಳ’ ಎಂದಷ್ಟೇ ಬರೆದುಕೊಂಡು ಪುಟ ತಿರುವಬೇಡಿ.

1. ಜಗಳದ ಗಾತ್ರ ಅಳೆಯಿರಿ. ಕಿಟಕಿಯಿಂದ ಟವೆಲ್ ಎಸೆದು ಬಸ್ಸಿನ ಸೀಟು ಹಿಡಿದವರಿಗೂ ಮೊದಲು ಹತ್ತಿ ಕೂತವರಿಗೂ ನಡೆಯುವ ಮಾತಿನ ಚಕಮಕಿ. ನಳದ ಮುಂದೆ ‘ಯಕ್ಕಾ, ಪಾಳಿ ನಂದೈತಿ’ ಎಂದು ಕೊಡ ಸರಿಸುವಾಗಿನ ಕಿರಿಕಿರಿ. ಇದೇ ಬಿಕರಿಂಗ್. ವಿಷಯ ಸಣ್ಣದು, ಮಾತು ಉದ್ದ. ಕೈ ಮಾತ್ರ ಮೇಲೇಳುವುದಿಲ್ಲ.

2. ಕನ್ನಡದ ‘ಆಟ’ ಹಿಡಿದು ಹೋಗಿ. ಕಚ್ಚಾಟ, ಕಿತ್ತಾಟ: ಇಬ್ಬರಿಲ್ಲದೆ ಈ ಆಟ ನಡೆಯದು. ಬಿಕರಿಂಗ್‌ನ ಕ್ರಿಯಾಪದ ‘ಬಿಕರ್’ ಕೂಡ ಹಾಗೆಯೇ. ಒಬ್ಬನೇ ಬೈಯುತ್ತ ಕೂತರೆ ಈ ಪದ ಒಪ್ಪುವುದಿಲ್ಲ. ಯಾರೊಡನೆ ಎಂಬುದಕ್ಕೆ ‘ವಿತ್’, ಯಾತಕ್ಕೆ ಎಂಬುದಕ್ಕೆ ‘ಓವರ್’ ಅಥವಾ ‘ಅಬೌಟ್’ ಸೇರಿಸಿ. ‘ದೇ ಬಿಕರ್ಡ್ ಓವರ್ ಎ ಸೀಟ್’ ಸರಿ. ‘ಹೀ ಬಿಕರ್ಡ್ ಮೀ’ ತಪ್ಪು.

3. ನಮ್ಮ ‘ಬಿಕರಿ’ಗೂ ಇದಕ್ಕೂ ನಂಟಿಲ್ಲ. ಅದು ಮಾರಾಟ.

4. ಪದದ ಹಳೆಯ ಮನೆಯನ್ನೂ ನೋಡಿ ಬನ್ನಿ. ಮೊದಲು ಇದಕ್ಕೆ ಸಣ್ಣ ಕಾಳಗ ಎಂಬ ಅರ್ಥವಿತ್ತು. ಮುಂದೆ ಕಲ್ಲುಗಳ ನಡುವೆ ಸದ್ದು ಮಾಡುತ್ತ ಓಡುವ ನೀರಿಗೂ ಬಳಕೆಯಾಯಿತು. ಇಂಗ್ಲಿಷ್ ಕವಿ ಟೆನ್ನಿಸನ್ನನ ‘ದಿ ಬ್ರೂಕ್’ ಪದ್ಯದ ಹಳ್ಳ ಹರಿಯುವುದು ಇದೇ ಕ್ರಿಯಾಪದದಲ್ಲಿ. ತೂಬಿನಿಂದ ಗದ್ದೆಗೆ ಇಳಿಯುವ ನೀರಿನ ಬಿಡದ ಗುಳುಗುಳು ಕೇಳಿದವರಿಗೆ ಈ ಪದ ಮರೆತುಹೋಗದು.

5. ಎಲ್ಲಿ ಬಳಸಬಾರದು ಎಂಬುದನ್ನು ಇನ್ನೂ ಗಟ್ಟಿಯಾಗಿ ಕಲಿಯಿರಿ. ನನಗೆ ಮುಖ್ಯವಾದದ್ದು ಇದೇ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗಂಗಾವತಿಯ ಭತ್ತಕ್ಕೆ ಮೊದಲು ಸಿಗುತ್ತದೆ. ಮಾನ್ವಿಯ ಕೊನೆಭಾಗದ ರೈತ ಕಾಯುತ್ತಾನೆ. ಅವನು ಕೇಳುವುದು ಬೆಳೆಯ ಜೀವ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಗಿ ನೀರು ನದಿಗೆ ನುಗ್ಗಿದಾಗ ರೈತರು ಎತ್ತಿದ ಪ್ರಶ್ನೆಗಳೂ ಅಂಥವೇ. ಅವನ್ನು ‘ಬಿಕರಿಂಗ್’ ಎಂದು ಬರೆದರೆ ವ್ಯಾಕರಣ ಸರಿಯಿದ್ದರೂ ವಾಕ್ಯ ಸುಳ್ಳಾಗುತ್ತದೆ. ಎರಡು ಕಡೆಯ ತಕರಾರಿಗೆ ‘ಡಿಸ್ಪ್ಯೂಟ್’ ಇದೆ. ಹಕ್ಕಿನ ನೀರು ಕೇಳಿದ್ದಕ್ಕೆ ‘ಡಿಮ್ಯಾಂಡ್’ ಎಂದೇ ಬರೆಯಿರಿ.