ಹಳೆ ಪಿಕಪ್ ದಿಬ್ಬ ಹತ್ತುತ್ತಿಲ್ಲವೇ? ಕ್ರೌನ್-ಪಿನಿಯನ್ ಬದಲಿಸುವ ಮುನ್ನ ಇದನ್ನು ಓದಿ



ಹಾಲಿನ ಕ್ಯಾನು, ಪಶು ಆಹಾರದ ಮೂಟೆ, ಹಸಿರು ಮೇವು ಸಾಗಿಸಲು ನಿಮ್ಮ ಮನೆಯಲ್ಲೋ ಗುಂಪಿನಲ್ಲೋ ಒಂದು ಹಳೆ ಪಿಕಪ್ ಇರಬಹುದು. ಅದು ದಿಬ್ಬದಲ್ಲಿ ಏದುಸಿರು ಬಿಡತೊಡಗಿದಾಗ ಗ್ಯಾರೇಜಿನಲ್ಲಿ ಒಂದು ಮಾತು ಬರುತ್ತದೆ: "ಅಕ್ಕಾ, ಹಿಂದಿನ ಕ್ರೌನ್-ಪಿನಿಯನ್ ಬದಲಾಯಿಸಿಬಿಡೋಣ, ಆಮೇಲೆ ನೋಡಿ ಹೇಗೆ ಎಳೆಯುತ್ತೆ." ಮಾತು ಸುಳ್ಳಲ್ಲ. ಆದರೆ ಎಲ್ಲ ಗಾಡಿಗೂ ಅದೇ ಮದ್ದಲ್ಲ. ಕೆಲಸವೂ ದೊಡ್ಡದು, ಖರ್ಚೂ ದೊಡ್ಡದು. ಹಾಲಿನ ಬಟವಾಡೆಯ ಹಣ ಅದಕ್ಕೆ ಹಾಕುವ ಮೊದಲು ಈ ಪಾಠ ಓದಿಕೊಳ್ಳಿ.

ಕ್ರೌನ್-ಪಿನಿಯನ್ ಎಂದರೇನು?

ಗಾಡಿಯ ಕೆಳಗೆ ಬಗ್ಗಿ ನೋಡಿದರೆ ಗೇರ್‌ಬಾಕ್ಸ್‌ನಿಂದ ಹಿಂದಿನ ಚಕ್ರಗಳ ಕಡೆಗೆ ಉದ್ದನೆಯ ಕೊಳವೆಯೊಂದು ಹೋಗಿರುತ್ತದೆ. ಅದು ಪ್ರೊಪೆಲ್ಲರ್ ಶಾಫ್ಟ್. ಅದು ಸೇರುವ, ಮಡಕೆಯಂತೆ ಉಬ್ಬಿದ ಭಾಗದೊಳಗೆ ಎರಡು ಹಲ್ಲುಚಕ್ರಗಳಿವೆ. ಶಾಫ್ಟಿಗೆ ಸೇರಿದ ಚಿಕ್ಕದು ಪಿನಿಯನ್. ಅದು ತಿರುಗಿಸುವ ದೊಡ್ಡ ಬಳೆಯಂಥದ್ದು ಕ್ರೌನ್. ಕ್ರೌನಿನ ಹಲ್ಲುಗಳನ್ನು ಪಿನಿಯನ್ ಹಲ್ಲುಗಳಿಂದ ಭಾಗಿಸಿದರೆ ಬರುವುದೇ ಅನುಪಾತ. ಗ್ಯಾರೇಜಿನವರು ಇದನ್ನು ರೇಶಿಯೋ ಎನ್ನುತ್ತಾರೆ.

ಉದಾಹರಣೆಗೆ, ಕ್ರೌನಿನಲ್ಲಿ 37 ಹಲ್ಲು, ಪಿನಿಯನ್‌ನಲ್ಲಿ 9 ಹಲ್ಲು ಇದ್ದರೆ ಅನುಪಾತ 4.11. ಅಂದರೆ ಚಕ್ರ ಒಂದು ಸುತ್ತು ಸುತ್ತಲು ಶಾಫ್ಟ್ 4.11 ಸುತ್ತು ಸುತ್ತಬೇಕು. ಕ್ರೌನಿನಲ್ಲಿ 39, ಪಿನಿಯನ್‌ನಲ್ಲಿ 8 ಇದ್ದರೆ ಅನುಪಾತ 4.875.

ಎಳೆತ ಬೇಕೋ, ಓಟ ಬೇಕೋ?

ಸೈಕಲ್ ನೆನೆಸಿಕೊಳ್ಳಿ. ಹಿಂದಿನ ಚಕ್ರದ ಹಲ್ಲುಚಕ್ರ ದೊಡ್ಡದಿದ್ದರೆ ಏರಿನಲ್ಲಿ ತುಳಿಯುವುದು ಹಗುರ. ಆದರೆ ಸಮತಟ್ಟಿನಲ್ಲಿ ಎಷ್ಟು ತುಳಿದರೂ ಸೈಕಲ್ ಮುಂದೆ ಹೋಗುವುದು ಕಡಿಮೆ. ಪಿಕಪ್ ಕೂಡ ಹಾಗೆಯೇ.

4.11 ಇದ್ದುದನ್ನು 4.875ಕ್ಕೆ ಬದಲಿಸಿದಿರಿ ಎನ್ನೋಣ. ಅದೇ ಗೇರಿನಲ್ಲಿ ಚಕ್ರಕ್ಕೆ ಸಿಗುವ ಎಳೆತ ಸುಮಾರು ಶೇ. 19ರಷ್ಟು ಹೆಚ್ಚುತ್ತದೆ. ಆದರೆ ಅದೇ ವೇಗದಲ್ಲಿ ಎಂಜಿನ್ ಕೂಡ ಶೇ. 19ರಷ್ಟು ಹೆಚ್ಚು ಸುತ್ತಬೇಕು. ಮೊದಲು ನಿಮಿಷಕ್ಕೆ 2000 ಸುತ್ತಿನಲ್ಲಿ ಹೋಗುತ್ತಿದ್ದ ವೇಗಕ್ಕೆ ಈಗ ಸುಮಾರು 2370 ಸುತ್ತು ಬೇಕು. ಸಮತಟ್ಟಾದ ಉದ್ದ ರಸ್ತೆಯಲ್ಲಿ ಸದ್ದೂ ಹೆಚ್ಚು, ಡೀಸೆಲ್ ಖರ್ಚೂ ಸಾಮಾನ್ಯವಾಗಿ ಹೆಚ್ಚು. ಎಂಜಿನ್ನಿನ ಶಕ್ತಿ ಮಾತ್ರ ಇದ್ದಷ್ಟೇ ಇರುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಮುಖ್ಯವಾದ ಮಾತು: ಹಲ್ಲು ಸವೆದರೂ ಎಣಿಕೆ ಬದಲಾಗದು

ಹತ್ತು ಲೀಟರ್ ಕೊಡುತ್ತಿದ್ದ ಹಸು ಇದ್ದಕ್ಕಿದ್ದಂತೆ ಆರು ಲೀಟರಿಗೆ ಇಳಿದರೆ ನಾವು ಮೊದಲು ಹಸುವನ್ನೇ ಮಾರುವುದಿಲ್ಲ. ಮೇವು ನೋಡುತ್ತೇವೆ, ನೀರು ನೋಡುತ್ತೇವೆ, ಕೆಚ್ಚಲು ಮುಟ್ಟಿ ನೋಡುತ್ತೇವೆ, ವೈದ್ಯರನ್ನು ಕರೆಸುತ್ತೇವೆ. ಗಾಡಿಗೂ ಅದೇ ನಿಯಮ.

ಹೋದ ವರ್ಷ ಇದೇ ಹೊರೆ ಹೊತ್ತು ಇದೇ ದಿಬ್ಬ ಹತ್ತುತ್ತಿದ್ದ ಗಾಡಿ ಈ ವರ್ಷ ಹತ್ತುತ್ತಿಲ್ಲವೆಂದರೆ ತಪ್ಪು ಅನುಪಾತದ್ದಲ್ಲ. 37 ಹಲ್ಲು ಇದ್ದದ್ದು ಈಗಲೂ 37 ಇದೆ. ಕಾಯಿಲೆ ಬೇರೆ ಕಡೆ ಇದೆ. ಮೊದಲು ಇವನ್ನು ನೋಡಿಸಿ:

• ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಕಟ್ಟಿಕೊಂಡಿವೆಯೇ?
• ಎಂಜಿನ್ ಕೂಗಿದರೂ ಗಾಡಿ ಮುಂದೆ ಹೋಗುತ್ತಿಲ್ಲವೇ? ಹಾಗಿದ್ದರೆ ಕ್ಲಚ್ ಜಾರುತ್ತಿರಬಹುದು.
• ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರ ಮಾತ್ರ ವಿಪರೀತ ಬಿಸಿಯಾಗಿದೆಯೇ? ಬ್ರೇಕ್ ಹಿಡಿದುಕೊಂಡಿರಬಹುದು.
• ಕಪ್ಪು ಹೊಗೆ ಬರುತ್ತಿದೆಯೇ? ಇಂಜೆಕ್ಟರ್ ಪರೀಕ್ಷೆ ಮಾಡಿಸಿ.
• ಹಿಂದಿನ ಮಾಲೀಕರು ದೊಡ್ಡ ಅಳತೆಯ ಟೈರ್ ಹಾಕಿದ್ದಾರೆಯೇ? ಟೈರ್ ದೊಡ್ಡದಾದಷ್ಟೂ ಎಳೆತ ಕಡಿಮೆ. ಕಂಪನಿ ಹೇಳಿದ ಅಳತೆಯ ಟೈರಿಗೆ ಮರಳಿದರೆ ಆಕ್ಸಲ್ ಮುಟ್ಟುವುದೇ ಬೇಡವಾಗಬಹುದು.

ಹಾಗಾದರೆ ಯಾವಾಗ ಬದಲಿಸಬೇಕು?

ಗಾಡಿಯ ಕೆಲಸವೇ ಬದಲಾದಾಗ. ಮೊದಲು ಪೇಟೆಯ ನೇರ ರಸ್ತೆಯಲ್ಲಿ ಓಡುತ್ತಿದ್ದ ಗಾಡಿ ಈಗ ದಿನವೂ ಏರುದಾರಿಯಲ್ಲಿ ಹೊರೆ ಹೊರಬೇಕು, ವೇಗ 50 ದಾಟುವುದೇ ಇಲ್ಲ ಎಂದರೆ ಹೆಚ್ಚಿನ ಅನುಪಾತ ಅನುಕೂಲ. ದಿಬ್ಬದಲ್ಲಿ ಅರೆ ಕ್ಲಚ್ ಒತ್ತಿ ಹೋಗುವುದು ತಪ್ಪುತ್ತದೆ, ಕ್ಲಚ್ ಬಾಳಿಕೆ ಬರುತ್ತದೆ. ಇಳಿಜಾರಿನಲ್ಲಿ ಗೇರಿನಲ್ಲೇ ಗಾಡಿಯನ್ನು ತಡೆಯುವುದೂ ಸುಲಭ. ದಿನದ ಹೆಚ್ಚಿನ ಓಡಾಟ ಹೆದ್ದಾರಿಯಲ್ಲಿದ್ದರೆ ಬದಲಿಸಬೇಡಿ.

ಇನ್ನೊಂದು ಸರಿಯಾದ ಸಮಯವಿದೆ. ಹಿಂದಿನಿಂದ ಊಳಿಡುವಂಥ ಸದ್ದು ಬಂದು, ಬಿಚ್ಚಿ ನೋಡಿದಾಗ ಹಲ್ಲು ಸವೆದು ಕ್ರೌನ್-ಪಿನಿಯನ್ ಹೇಗೂ ಬದಲಿಸಬೇಕೆಂದಾದರೆ, ಯಾವ ಅನುಪಾತದ್ದು ಹಾಕಬೇಕೆಂದು ಆಗಲೇ ಯೋಚಿಸಿ. ಬಿಚ್ಚಿ ಜೋಡಿಸುವ ಕೂಲಿ ಒಮ್ಮೆ ಕೊಟ್ಟರೆ ಸಾಕು.

ಈಗಿರುವ ಅನುಪಾತ ತಿಳಿಯುವುದು ಹೇಗೆ?

ಇದನ್ನು ನಿಮ್ಮ ಕಣ್ಣೆದುರೇ ಮಾಡಿಸಿ. ಸಮತಟ್ಟಾದ ಗಟ್ಟಿ ನೆಲದಲ್ಲಿ, ಎಂಜಿನ್ ಆಫ್ ಮಾಡಿ, ಮುಂದಿನ ಎರಡೂ ಚಕ್ರಗಳಿಗೆ ಹಿಂದೆ-ಮುಂದೆ ಕಲ್ಲು ಕೊಡಬೇಕು. ಹಿಂದಿನ ಒಂದು ಚಕ್ರವನ್ನು ಮಾತ್ರ ಜಾಕ್ ಹಾಕಿ ಎತ್ತಿ, ಸ್ಟ್ಯಾಂಡ್ ಕೊಡಬೇಕು. ಬರೀ ಜಾಕ್ ನಂಬಿ ಯಾರೂ ಕೆಳಗೆ ಹೋಗಬಾರದು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಬಿಟ್ಟಿರಲಿ. ಶಾಫ್ಟಿಗೂ ಟೈರಿಗೂ ಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು 20 ಸುತ್ತು ತಿರುಗಿಸಿ, ಶಾಫ್ಟ್ ಎಷ್ಟು ಸುತ್ತಿತು ಎಂದು ಎಣಿಸಿ. ಆ ಸಂಖ್ಯೆಯನ್ನು 10ರಿಂದ ಭಾಗಿಸಿ. ಇನ್ನೊಂದು ಚಕ್ರ ನೆಲದ ಮೇಲೆ ನಿಂತಿರುವುದರಿಂದ 20 ಸುತ್ತಿಗೆ ಕ್ರೌನ್ 10 ಸುತ್ತು ಮಾತ್ರ ಸುತ್ತುತ್ತದೆ. ಶಾಫ್ಟ್ 41 ಸುತ್ತಿಗಿಂತ ಸ್ವಲ್ಪ ಹೆಚ್ಚು ಸುತ್ತಿದರೆ ಅನುಪಾತ 4.11.

ಗ್ಯಾರೇಜಿನಲ್ಲಿ ಕೇಳಬೇಕಾದ ಮಾತುಗಳು

1. ಕ್ರೌನ್ ಮತ್ತು ಪಿನಿಯನ್ ಜೋಡಿಯಾಗಿಯೇ ಬರುತ್ತವೆಯೇ? ಇವೆರಡನ್ನು ಒಟ್ಟಿಗೇ ಉಜ್ಜಿ ಹೊಂದಿಸಿರುತ್ತಾರೆ. ಒಂದು ಹೊಸದು, ಒಂದು ಹಳೆಯದು ಹಾಕಿದರೆ ಬೇಗ ಕೆಡುತ್ತವೆ. ಎರಡರ ಮೇಲೂ ಒಂದೇ ಜೋಡಿ ಸಂಖ್ಯೆ ಇದೆಯೇ ನೋಡಿ.
2. ನಮ್ಮ ಗಾಡಿಯ ಹೌಸಿಂಗಿಗೆ ಈ ಸೆಟ್ ಕೂರುತ್ತದೆಯೇ? ಕೆಲವು ಗಾಡಿಗಳಲ್ಲಿ ಅನುಪಾತ ಬದಲಾದರೆ ಒಳಗಿನ ಡಿಫರೆನ್ಷಿಯಲ್ ಕೇಸ್ ಕೂಡ ಬದಲಾಗಬೇಕು. ನಾಲ್ಕೂ ಚಕ್ರ ಎಳೆಯುವ ಗಾಡಿಯಾದರೆ ಮುಂದಿನ ಆಕ್ಸಲ್ಲೂ ಅದೇ ಅನುಪಾತಕ್ಕೆ ಬರಬೇಕು.
3. ಬೇರಿಂಗ್, ಆಯಿಲ್ ಸೀಲ್ ಹೊಸದು ಹಾಕುತ್ತೀರಾ?
4. ಹಲ್ಲುಗಳ ನಡುವಿನ ಸಂದನ್ನು ಡಯಲ್ ಗೇಜ್ ಇಟ್ಟು ಅಳೆಯುತ್ತೀರಾ? ಹಲ್ಲಿಗೆ ಬಣ್ಣ ಹಚ್ಚಿ, ಎಲ್ಲಿ ತಾಗುತ್ತಿದೆ ಎಂದು ನೋಡುತ್ತೀರಾ? "ಕೈ ಅಂದಾಜು ಸಾಕು" ಎನ್ನುವವರ ಹತ್ತಿರ ಈ ಕೆಲಸ ಬೇಡ.
5. ಯಾವ ಆಯಿಲ್ ಹಾಕುತ್ತೀರಿ? ಗಾಡಿಯ ಕೈಪಿಡಿಯಲ್ಲಿ ಹೇಳಿದ ಗೇರ್ ಆಯಿಲ್ಲೇ ಆಗಬೇಕು.

ಕೆಲಸ ಮುಗಿದ ಮೇಲೆ ಮೊದಲ 500 ಕಿ.ಮೀ. ಪೂರ್ತಿ ಹೊರೆ ಹೇರಬೇಡಿ. ಮೊದಲ ದಿನ 20 ನಿಮಿಷ ಓಡಿಸಿ, ನಿಲ್ಲಿಸಿ ಆರಲು ಬಿಡಿ. ಆ 500 ಕಿ.ಮೀ. ಮುಗಿದ ಮೇಲೆ ಆ ಆಯಿಲ್ ಇಳಿಸಿ ಹೊಸದು ಹಾಕಿಸಿ.

ಮೀಟರ್ ಲೆಕ್ಕ ತಪ್ಪುತ್ತದೆ, ಎಚ್ಚರ

ಬಹಳಷ್ಟು ಹಳೆ ಪಿಕಪ್‌ಗಳಲ್ಲಿ ಮೀಟರ್ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತದೆ. ಅನುಪಾತ 4.11ರಿಂದ 4.875ಕ್ಕೆ ಹೋದರೆ ಗಾಡಿ ನಿಜವಾಗಿ 100 ಕಿ.ಮೀ. ಓಡಿದಾಗ ಮೀಟರ್ ಸುಮಾರು 119 ತೋರಿಸುತ್ತದೆ. ಲೀಟರಿಗೆ 10 ಕಿ.ಮೀ. ಕೊಡುವ ಗಾಡಿ 12ರ ಹತ್ತಿರ ಕೊಟ್ಟಂತೆ ಕಾಣುತ್ತದೆ. ಕಿಲೋಮೀಟರ್ ಲೆಕ್ಕದಲ್ಲಿ ಬಾಡಿಗೆ ಪಡೆಯುವವರ ಮೇಲೆ ಸುಳ್ಳು ಲೆಕ್ಕದ ಮಾತು ಬರಬಹುದು. ಮೀಟರ್ ಗೇರನ್ನೂ ಸರಿಪಡಿಸಿಕೊಡಲು ಮೊದಲೇ ಹೇಳಿ. ಆಗದಿದ್ದರೆ ಗೊತ್ತಿರುವ ದೂರ ಓಡಿಸಿ ನೋಡಿ, ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದಿಡಿ.

ಎಳೆತ ಹೆಚ್ಚಿದರೆ ಹೊರೆ ಹೆಚ್ಚಿಸಬಹುದೇ?

ಖಂಡಿತ ಇಲ್ಲ. ಬ್ರೇಕ್, ಪಾಟಾ, ಟೈರ್, ಚಾಸಿ ಎಲ್ಲವೂ ಹಳೆಯವೇ. ಆರ್‌ಸಿಯಲ್ಲಿ ಬರೆದ ತೂಕವೇ ಮಿತಿ. 40 ಲೀಟರ್ ಕ್ಯಾನಿನಲ್ಲಿ ಹಾಲೇ ಸುಮಾರು 41 ಕೆ.ಜಿ. ಇರುತ್ತದೆ. 20 ಕ್ಯಾನ್ ಎಂದರೆ 820 ಕೆ.ಜಿ. ದಾಟಿತು, ಕ್ಯಾನಿನ ತೂಕ ಬೇರೆ. ಅದರ ಮೇಲೆ 50 ಕೆ.ಜಿ.ಯ ಆಹಾರದ ಮೂಟೆ ನಾಲ್ಕು ಹೇರಿದರೆ ಒಂದು ಟನ್ ಮೀರಿತು. ದಿಬ್ಬ ಹತ್ತುವ ಗಾಡಿ ಅದೇ ದಿಬ್ಬ ಇಳಿಯಲೂ ಬೇಕು. ಇಳಿಯುವಾಗ ಕಾಯುವುದು ಬ್ರೇಕ್.

ಈ ವಾರ ಮಾಡಿ ನೋಡಿ

ಗಾಡಿ ದಿನಕ್ಕೆ ಎಷ್ಟು ಕಿ.ಮೀ. ಏರುದಾರಿಯಲ್ಲಿ, ಎಷ್ಟು ನೇರ ರಸ್ತೆಯಲ್ಲಿ ಓಡುತ್ತದೆ, ಎಷ್ಟು ಹೊರೆ ಹೊರುತ್ತದೆ ಎಂದು ಏಳು ದಿನ ಬರೆಯಿರಿ. ಟೈರ್ ಮೇಲಿನ ಅಳತೆಯನ್ನೂ ಬರೆದುಕೊಳ್ಳಿ. ಆ ಚೀಟಿ ಕೈಯಲ್ಲಿ ಹಿಡಿದು ಗ್ಯಾರೇಜಿಗೆ ಹೋಗಿ. ಗಾಡಿ ಯಾರೇ ಓಡಿಸಲಿ, ಅದಕ್ಕೆ ಹೋಗುವ ಹಣ ನೀವು ಹಾಲು ಕರೆದು ದುಡಿದದ್ದು. ಏನು, ಏಕೆ ಎಂದು ಕೇಳುವ ಹಕ್ಕು ನಿಮ್ಮದು.