ರಾತ್ರಿ ಎರಡಕ್ಕೆ ಏಳುವವರು ಯಾರು?

ಪುಟ್ಟಿ,

ನರ್ಸಿಂಗ್ ಪಾಠದಲ್ಲಿ ಬರುವ ಕುಟುಂಬದ ಬೆಳವಣಿಗೆಯ 8 ಹಂತಗಳನ್ನು ಉರು ಹೊಡೆದು ಸಾಕಾಯಿತು, ವಾರ್ಡಿನಲ್ಲಿ ಅದು ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳಿದ್ದೀಯ. ರೋಗಿಯನ್ನು ಡಿಸ್ಚಾರ್ಜ್ ಮಾಡುವ ದಿನ ಕೆಲಸಕ್ಕೆ ಬರುತ್ತದೆ. ಆದರೆ ಆ ಪಟ್ಟಿಯ ಕೊರತೆಯೂ ಗೊತ್ತಿರಲಿ. ಆ ಹಂತಗಳನ್ನು ಹೇಳಿದ ಅಮೆರಿಕದ ಎವಲಿನ್ ಡುವಾಲ್ 1957ರಲ್ಲಿ ಪುಸ್ತಕ ಬರೆದಾಗ ಅವರ ಕಣ್ಣ ಮುಂದಿದ್ದದ್ದು ಗಂಡ, ಹೆಂಡತಿ, ಮಕ್ಕಳಷ್ಟೇ ಇರುವ ಮನೆ. ಮಕ್ಕಳಿರುವಷ್ಟು ಕಾಲ ಹಿರಿಯ ಮಗುವಿನ ವಯಸ್ಸೇ ಹಂತದ ಅಳತೆ. ನಮ್ಮ ಕಡೆ ನೋಡು: ಲಕ್ವ ಹೊಡೆದ ಅಜ್ಜ ನಡುಮನೆಯಲ್ಲಿ, ದೊಡ್ಡ ಮಗನ ಹುಡುಗ ಎಸ್ಸೆಸ್ಸೆಲ್ಸಿ, ಚಿಕ್ಕ ಸೊಸೆಯ ತೊಡೆಯ ಮೇಲೆ ಎಂಟು ತಿಂಗಳ ಕೂಸು. ಎಂಟನೆಯದು, ಐದನೆಯದು, ಎರಡನೆಯದು, ಮೂರು ಹಂತವೂ ಒಂದೇ ಸೂರಿನಡಿ. (ಪರೀಕ್ಷೆಯಲ್ಲಿ ಹೀಗೆ ಬರೆಯಬೇಡ, ಅಂಕ ಕಳೆದಾರು.)

ಎರಡು ಗಂಟೆಗೊಮ್ಮೆ ಅಜ್ಜನ ಮಗ್ಗುಲು ಬದಲಿಸಿ ಎಂದು ನಾವು ಸಲೀಸಾಗಿ ಹೇಳಿ ಕಳಿಸುತ್ತೇವೆ. ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳುವವರು ಯಾರು? ಕೂಸಿಗೆ ಹಾಲು ಕುಡಿಸಲು ಹೇಗೂ ಎದ್ದಿರುತ್ತಾಳಲ್ಲ ಎಂದು ಎಲ್ಲರೂ ಚಿಕ್ಕ ಸೊಸೆಯತ್ತ ನೋಡುತ್ತಾರೆ. ನೀನೂ ನೋಡಬೇಡ. ಮಾವನ ಪಂಚೆ ಸರಿಸಿ ಮೈ ಒರೆಸುವುದು ಅವಳಿಗೂ ಮುಜುಗರ, ಅವರಿಗೂ ಮುಜುಗರ. ಆ ಮುಜುಗರದಲ್ಲೇ ಸೊಂಟದ ಹಿಂಭಾಗವನ್ನು ಯಾರೂ ನೋಡದೆ ಬೆಡ್‌ಸೋರ್ ಆಗುತ್ತದೆ. ಗಂಡುಮಕ್ಕಳಿಬ್ಬರನ್ನೂ ಕರೆ, ಸರದಿ ಹಂಚು. ಚರ್ಮ ಕೆಂಪಾದ ಕಡೆ ತಿಕ್ಕಬಾರದು, ಅಲ್ಲಿ ಭಾರ ಬೀಳಬಾರದು. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಇಡಬೇಕು. ಇದನ್ನೆಲ್ಲ ಬಾಯಲ್ಲಿ ಹೇಳಿದರೆ ತಲೆಯಾಡಿಸುತ್ತಾರೆ ಅಷ್ಟೆ. ವಾರ್ಡಿನಲ್ಲೇ ಅವರ ಕೈಯಿಂದ ಮಾಡಿಸು, ನೀನು ಪಕ್ಕದಲ್ಲಿ ನಿಂತಿರು.

ನರ್ಸಿಂಗ್ ಸಿದ್ಧಾಂತಿ ವರ್ಜೀನಿಯಾ ಹೆಂಡರ್ಸನ್ ಹೇಳಿದ 14 ಮೂಲ ಅಗತ್ಯಗಳಲ್ಲಿ ಒಂದೆರಡು ಮರೆತರೂ ಚಿಂತೆಯಿಲ್ಲ. ಶಕ್ತಿಯೋ ಮನಸ್ಸೋ ತಿಳಿವಳಿಕೆಯೋ ಇದ್ದಿದ್ದರೆ ರೋಗಿ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಕ್ಕೆ ಮಾತ್ರ ನಾವು ಕೈ ಕೊಡಬೇಕು, ಆದಷ್ಟು ಬೇಗ ಅದನ್ನು ಅವನಿಗೇ ಬಿಡಬೇಕು ಎಂಬ ಅವರ ಮಾತಿನ ಹುರುಳು ಮರೆಯಬಾರದು. ನಮ್ಮ ಮನೆಗಳಲ್ಲಿ ಇದಕ್ಕೆ ಅಡ್ಡ ಬರುವುದು ಪ್ರೀತಿಯೇ. ಬಲಗೈ ಬಿದ್ದುಹೋದ ಅಜ್ಜನಿಗೆ ಎಡಗೈಯಲ್ಲಿ ಉಣ್ಣಲು ಮನಸ್ಸೊಪ್ಪುವುದಿಲ್ಲ, ಮಕ್ಕಳು ತುತ್ತಿಡುತ್ತಲೇ ಇರುತ್ತಾರೆ. ಒಂದು ಚಮಚ ಕೊಟ್ಟು ನೋಡು, ಅರ್ಧ ಸಂಕೋಚ ಇಳಿಯುತ್ತದೆ. ನೆಟ್ಟಗೆ ಕೂರಿಸಿ ಉಣಿಸಲಿ, ಉಂಡ ಮೇಲೂ ಅರ್ಧ ಗಂಟೆ ಮಲಗಿಸದಿರಲಿ, ಸೋತ ಕಡೆಯ ದವಡೆಯಲ್ಲಿ ಅನ್ನ ಉಳಿದಿದೆಯೇ ನೋಡಲಿ. ಅಂಗಿ ತೊಡುವಾಗ ಸೋತ ಕೈ ಮೊದಲು, ಬಿಚ್ಚುವಾಗ ಗಟ್ಟಿ ಕೈ ಮೊದಲು.

ಇನ್ನೊಂದು. ಕೇಸ್ ಶೀಟಿನಲ್ಲಿ ಆ ಕೂಸಿನ ಹೆಸರಿರುವುದಿಲ್ಲ. ಆದರೂ ಸೊಸೆಯ ಹತ್ತಿರ ತಾಯಿ ಕಾರ್ಡ್ ಕೇಳು. ಅಜ್ಜನಿಗಾಗಿ ಓಡಾಡುವ ಗಡಿಬಿಡಿಯಲ್ಲಿ ಒಂಬತ್ತು ತಿಂಗಳಿಗೆ ಹಾಕಿಸಬೇಕಾದ ದಡಾರ-ರುಬೆಲ್ಲಾ ಲಸಿಕೆ ತಪ್ಪಿಹೋಗುವುದು ಇಂಥ ಮನೆಗಳಲ್ಲೇ. ಅವರೂರಿನ ಆಶಾ ಕಾರ್ಯಕರ್ತೆಗೆ ಫೋನ್ ಮಾಡಿ ಹೇಳಿಡು.

ಇತಿ,
ದೊಡ್ಡಮ್ಮ