ನಿರುಪದ್ರವವಾದರೂ ನಿರರ್ಥಕವಾದ ಸಾಲುಗಳು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಗಳ ಮನೆಗಳಲ್ಲಿ ಅಡಕೆಯನ್ನು ಆರಿಸುವ ಕೆಲಸವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಬಲ್ಲರು. ಸರಕು, ಬೆಟ್ಟೆ, ಗೊರಬಲು ಎಂದು ಬೇರ್ಪಡಿಸುವವರು ಗೊರಬಲನ್ನು ಬಿಸುಡುವುದಿಲ್ಲ. ಉತ್ತಮವಾದುದರೊಡನೆ ಬೆರೆಯಗೊಡುವುದೂ ಇಲ್ಲ. ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ವಿದ್ಯೆಯಲ್ಲಿಯೂ ಇಂಥ ವಿಂಗಡಣೆಯೊಂದುಂಟು. ಈಗ ನಮ್ಮ ಹೆಣ್ಣುಮಕ್ಕಳಲ್ಲಿ ಅನೇಕರು ಆ ವಿದ್ಯೆಯನ್ನು ಕಲಿಯುತ್ತಿರುವುದರಿಂದ ಅದನ್ನು ಇಲ್ಲಿ ವಿಚಾರಿಸುವೆವು.

ಇಂಥ ಆಜ್ಞೆಗಳ ಮಾಲೆಗೆ ಪ್ರೋಗ್ರಾಮೆಂದು ಹೆಸರು. ಬಾಲಿಕೆಯೊಬ್ಬಳು 'ಮೊತ್ತ' ಎಂಬ ಹೆಸರಿನಲ್ಲಿ ಒಂದು ಬೆಲೆಯನ್ನು ಗುರುತುಮಾಡಿಟ್ಟು, ಮುಂದೆ ಅದನ್ನೆಲ್ಲಿಯೂ ಬಳಸದೆ ಬಿಟ್ಟಳೆನ್ನೋಣ. ಲೆಕ್ಕವು ಕೆಡದು, ಆದರೆ ಆ ಸಾಲಿನಿಂದ ಪ್ರಯೋಜನವೂ ಇಲ್ಲ. ಪೈಥಾನ್ ಭಾಷೆಯು ಇದನ್ನು ಕಂಡು ಸುಮ್ಮನಿರುತ್ತದೆ. ಸಿ ಭಾಷೆಯಲ್ಲಿ ನಾವು ಕೇಳಿಕೊಂಡರೆ ಎಚ್ಚರಿಕೆ ಬರುತ್ತದೆ. ಅದರಲ್ಲಿಯ ಇಂಥ ಕಸವನ್ನು ಹುಡುಕುವುದಕ್ಕಾಗಿ 1978ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಶಾಲೆಯ ಸ್ಟೀಫನ್ ಜಾನ್ಸನ್ ಎಂಬವರು 'ಲಿಂಟ್' ಎಂಬ ಪ್ರೋಗ್ರಾಮನ್ನು ರಚಿಸಿದರು. ಬಟ್ಟೆಗೆ ಅಂಟುವ ನೂಲಿನ ತುಣುಕೆಂದು ಆ ಹೆಸರಿನ ಅರ್ಥ. ರಸ್ಟ್ ಭಾಷೆಯು ತಾನಾಗಿ ಎಚ್ಚರಿಸಿ, ಕೆಲಸವನ್ನು ನಡೆಯಗೊಡುತ್ತದೆ. 2009ರಲ್ಲಿ ಪ್ರಕಟವಾದ ಗೋ ಭಾಷೆಯಾದರೋ ಅದನ್ನು ತಪ್ಪೆಂದೇ ಎಣಿಸಿ ಪ್ರೋಗ್ರಾಮನ್ನು ಸ್ವೀಕರಿಸುವುದಿಲ್ಲ.

ಇಷ್ಟು ಕಟ್ಟುನಿಟ್ಟು ಯಾತಕ್ಕೆಂದು ಕೇಳಬಹುದು. ನಿರರ್ಥಕವಾದ ಸಾಲು ಅನೇಕ ವೇಳೆ ಬರೆದವಳ ಮರೆವಿನ ಗುರುತಾಗಿರುತ್ತದೆ. ಮೊತ್ತವನ್ನು ಬಳಸಬೇಕಾದಲ್ಲಿ ಬೇರೊಂದನ್ನು ಬಳಸಿರಬಹುದು. ಆಪಲ್ ಕಂಪೆನಿಯ ಯಂತ್ರಗಳ ಪ್ರೋಗ್ರಾಮಿನಲ್ಲಿ ಒಂದೇ ಸಾಲು ಎರಡು ಸಲ ಬರೆಯಲ್ಪಟ್ಟಿದ್ದುದು 2014ರಲ್ಲಿ ಹೊರಬಿತ್ತು. ನೋಡುವುದಕ್ಕೆ ಅದು ಬರಿಯ ಪುನರುಕ್ತಿ. ಆದರೆ ಅದರ ದೆಸೆಯಿಂದ ಕೆಳಗಿನ ಸಾಲುಗಳು ನಡೆಯದೆ, ಸಂಪರ್ಕದ ಆಚೆಯಲ್ಲಿರುವವರು ನಿಜವಾದವರೋ ಅಲ್ಲವೋ ಎಂದು ಪರೀಕ್ಷಿಸುವ ಕ್ರಮವೇ ತಪ್ಪಿಹೋಗಿತ್ತು. ಎಂದಿಗೂ ನಡೆಯದ ಸಾಲುಗಳಿವೆಯೆಂಬ ಒಂದು ಎಚ್ಚರಿಕೆಯಿಂದ ಅದು ಮೊದಲೇ ತಿಳಿಯಬಹುದಾಗಿತ್ತು.

ಹಾಗೆಂದು ಅತಿಯಾದ ಬಿಗಿಯೂ ಸಲ್ಲದು. ಕಲಿಯುವವಳು ಪರೀಕ್ಷಾರ್ಥವಾಗಿ ಒಂದು ಸಾಲನ್ನು ತೆಗೆದರೆ, ಅದರಿಂದ ಕೆಲಸವಿಲ್ಲದಂತಾದ ಹೆಸರನ್ನೂ ಅಳಿಸುವ ತನಕ ಗೋ ಭಾಷೆಯು ಮುಂದುವರಿಯಗೊಡದು. ಯೋಚನೆಯ ಎಳೆ ಕಡಿದುಹೋಗುತ್ತದೆ. ಇತ್ತ ಬರಿಯ ಎಚ್ಚರಿಕೆಗಳೇ ನೂರಾರು ಕೂಡಿಕೊಂಡರೆ, ಅವುಗಳ ನಡುವಣ ನಿಜವಾದ ಅಪಾಯವನ್ನು ಯಾರೂ ಓದುವುದಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯವಿದು: ಬರೆಯುತ್ತಿರುವಾಗ ಎಚ್ಚರಿಕೆ ಸಾಕು, ಇತರರ ಕೈಗೆ ಒಪ್ಪಿಸುವಾಗ ಒಂದು ಎಚ್ಚರಿಕೆಯೂ ಉಳಿಯಬಾರದು. ಬೇಕೆಂದೇ ಬಳಸದೆ ಬಿಟ್ಟ ಹೆಸರಿದ್ದರೆ, ರಸ್ಟ್ ಭಾಷೆಯವರು ಮಾಡುವಂತೆ ಅದರ ಮುಂದೆ ಅಡಿಗೆರೆಯೊಂದನ್ನಿಟ್ಟು ತಿಳಿಸಬೇಕು. ಅಂಗಳದಲ್ಲಿ ಅಡಕೆ ಬೆರೆತಿದ್ದರೂ ಚಿಂತೆಯಿಲ್ಲ. ಮೂಟೆ ಕಟ್ಟುವ ಮುನ್ನ ಆರಿಸಿಡುವುದೇ ಜಾಣತನ.